ಮೂತಿಗೆ ಹಗ್ಗ ಹಾಕಲು ಬಿಡದ ಕುದುರೆ: ಹೊಡೆಯದೆ ದಾರಿಗೆ ತರುವುದು ಹೇಗೆ?

ಸಿಲ್ವರ್ ಓಕ್, ಆಲ್ದೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಆಲ್ದೂರಿನ ಹತ್ತಿರ ಸಣ್ಣ ಕಾಫಿ ತೋಟ. ಮೂರು ತಿಂಗಳ ಹಿಂದೆ ಒಂದು ಹೆಣ್ಣು ಕುದುರೆ ತಂದೆವು. ಹೆಸರು ಚಂದ್ರಿ. ವಯಸ್ಸು 7 ಅಂತ ಕೊಟ್ಟವರು ಹೇಳಿದರು. ಮೊದಲು ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತು ಹೊಡೆಯುವ ಕೆಲಸದಲ್ಲಿ ಇದ್ದಳಂತೆ. ಮಗಳಿಗೆ 12 ವರ್ಷ, ಕುದುರೆ ಅಂದರೆ ಪ್ರಾಣ. ಅವಳ ಹಟಕ್ಕೆ ತಂದೆವು ಅಂತ ಮನೆಯಲ್ಲಿ ಹೇಳುತ್ತಾರೆ, ಆದರೆ ನಿಜ ಹೇಳಬೇಕೆಂದರೆ ನನಗೂ ಆಸೆ ಇತ್ತು.

ಈಗ ಸಮಸ್ಯೆ. ಹಾಲ್ಟರ್, ಅಂದರೆ ಮೂತಿಗೆ ತೊಡಿಸಿ ಹಿಡಿದು ನಡೆಸುವ ಪಟ್ಟಿ, ಕೈಯಲ್ಲಿ ಕಂಡರೆ ಸಾಕು, ತಲೆ ಆಕಾಶಕ್ಕೆ ಎತ್ತುತ್ತಾಳೆ, ಹಿಂದೆ ಹಿಂದೆ ಹೋಗುತ್ತಾಳೆ. ಹೇಗೋ ಹಾಕಿದರೆ ನಡೆಸುವಾಗ ನಮ್ಮನ್ನೇ ಎಳೆದುಕೊಂಡು ಹೋಗುತ್ತಾಳೆ. ಜೀನು ತಂದರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ಬರುತ್ತಾಳೆ. ಈಗ ಕಾಫಿ ಒಣಗಿಸುವ ಸಮಯ, ಕಣದಲ್ಲಿ ಟಾರ್ಪಾಲು ಗಾಳಿಗೆ ಪಟಪಟ ಅಂದರೆ ಹಾರಿ ಬೀಳುತ್ತಾಳೆ, ಒಂದು ದಿನ ಬೇಲಿ ಮುರಿದುಕೊಂಡು ಪಕ್ಕದ ತೋಟಕ್ಕೆ ಹೋಗಿ ಮೆಣಸಿನ ಬಳ್ಳಿ ಎಲ್ಲ ತುಳಿದು ಬಂದಳು.

ಕಳೆದ ತಿಂಗಳು ಪಳಗಿಸುವವರು ಒಬ್ಬರನ್ನು ಕರೆಸಿದೆವು. ಅವರು ಒಂದು ಮುಂಗಾಲು ಮಡಚಿ ಕಟ್ಟಿ, ಮೂರು ಕಾಲಲ್ಲಿ ನಿಲ್ಲಿಸಿ, ಚಾಟಿ ತೆಗೆದುಕೊಂಡರು. ಹತ್ತು ನಿಮಿಷ ನೋಡಿದೆ. ಅವಳು ಬೆವರಿನಲ್ಲಿ ನೆನೆದು ನಡುಗುತ್ತಿದ್ದಳು. ನಾನು ನಿಲ್ಲಿಸಿ ಅಂದೆ. "ಇನ್ನೆರಡು ದಿನ ಬಿಟ್ಟಿದ್ದರೆ ಕುರಿ ಥರ ಆಗುತ್ತಿತ್ತು" ಅಂತ ಬೇಜಾರು ಮಾಡಿಕೊಂಡು ಹೋದರು. ಆಮೇಲೆ ಅವಳು ಇನ್ನೂ ಹದಗೆಟ್ಟಳು, ಗಂಡಸರು ಹತ್ತಿರ ಬಂದರೇ ಓಡುತ್ತಾಳೆ.

ಹೊಡೆಯದೆ, ಕಟ್ಟಿಹಾಕದೆ, ಕೆಳಗೆ ನಿಂತು ಮಾಡುವ ತರಬೇತಿ ಇದೆ, ಗ್ರೌಂಡ್‌ವರ್ಕ್ ಅಂತಾರೆ ಅಂತ ಕೇಳಿದ್ದೇನೆ. ಯಾರಾದರೂ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಲಿ? ಮನೆಯಲ್ಲಿ ಮಾರಿಬಿಡು ಅನ್ನುತ್ತಿದ್ದಾರೆ. ಮಾರಿದರೆ ಮತ್ತೆ ಅದೇ ಕೆಲಸಕ್ಕೆ ಹೋಗುತ್ತಾಳೆ ಅಂತ ನನಗೆ ಗೊತ್ತು.

ಮೂಡಿಗೆರೆ ಬುಲೆಟ್

ಅಕ್ಕಾ, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಕುದುರೆ ಅಂದರೆ 300-400 ಕೆಜಿ ತೂಕದ ಪ್ರಾಣಿ. ಅದಕ್ಕೆ ಯಜಮಾನ ಯಾರು ಅಂತ ಗೊತ್ತಾಗಲೇಬೇಕು. ನೀವು ಮಧ್ಯದಲ್ಲಿ ನಿಲ್ಲಿಸಿದ್ದೇ ತಪ್ಪಾಯಿತು, ಗಲಾಟೆ ಮಾಡಿದರೆ ಬಿಟ್ಟುಬಿಡುತ್ತಾರೆ ಅಂತ ಅದು ಕಲಿತುಕೊಂಡಿದೆ. ಮನೆಯಲ್ಲಿ ಚಿಕ್ಕ ಹುಡುಗಿ ಇದ್ದಾಳೆ. ಒದ್ದರೆ ಯಾರು ಹೊಣೆ? ಮುದ್ದು ಮಾಡುತ್ತಾ ಕೂತರೆ ಅದು ಇನ್ನೂ ಏರಿ ಕೂರುತ್ತದೆ.

ಪಶುವೈದ್ಯೆ, ಹಾಸನ

ಮೇಡಂ, ಪಳಗಿಸುವ ಮಾತು ಆಮೇಲೆ. ಮೊದಲು ನೋವು ಇದೆಯಾ ನೋಡಿಸಿ. ಜೀನು ಕಂಡ ತಕ್ಷಣ ಕಿವಿ ಮಡಚಿ ಕಚ್ಚಲು ಬರುವ ಕುದುರೆಗಳಲ್ಲಿ ಬೆನ್ನು ನೋವು ಬಹಳ ಸಾಮಾನ್ಯ. ಅದನ್ನು ಕೊಬ್ಬು ಅಂತ ತಿಳಿದು ಹೊಡೆಯುತ್ತಾರೆ. ಪಾಪ, ಅದಕ್ಕೆ ಬೇರೆ ಭಾಷೆ ಇಲ್ಲ.

ಒಂದು ಕೆಲಸ ಮಾಡಿ. ಕತ್ತು ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಉಬ್ಬು ಇರುತ್ತದಲ್ಲ, ಹೆಗಲ ಉಬ್ಬು, ಅದರ ಎರಡೂ ಪಕ್ಕ ನೋಡಿ. ಅಲ್ಲಿ ಬಿಳಿ ಕೂದಲಿನ ಮಚ್ಚೆ ಇದೆಯಾ? ಹುಟ್ಟಿನಿಂದ ಬಂದ ಬಣ್ಣ ಅಲ್ಲ, ಒಂದು ರೂಪಾಯಿ ನಾಣ್ಯದಷ್ಟು ಅಲ್ಲಲ್ಲಿ ಬಿಳಿ. ಜೀನು ಸರಿಯಾಗಿ ಕೂರದೆ ತಿಂಗಳುಗಟ್ಟಲೆ ಒತ್ತಿದರೆ ಕೂದಲಿನ ಬುಡ ಕೆಟ್ಟು ಅಲ್ಲಿ ಬಿಳಿ ಕೂದಲು ಬರುತ್ತದೆ. ಆಮೇಲೆ ಬೆನ್ನುಮೂಳೆಯಿಂದ ನಾಲ್ಕು ಬೆರಳು ದೂರದಲ್ಲಿ, ಬೆರಳ ತುದಿಯಿಂದ ಮೆಲ್ಲಗೆ ಒತ್ತುತ್ತಾ ಸೊಂಟದವರೆಗೆ ಹೋಗಿ. ಪಕ್ಕದಲ್ಲಿ ನಿಂತು ಮಾಡಿ, ಹಿಂದೆ ನಿಲ್ಲಬೇಡಿ. ಬೆನ್ನು ಕೆಳಕ್ಕೆ ಕುಗ್ಗಿಸಿದರೆ, ಚರ್ಮ ಅದುರಿದರೆ, ತಲೆ ತಿರುಗಿಸಿ ನಿಮ್ಮನ್ನು ನೋಡಿದರೆ ಆ ಜಾಗ ನೆನಪಿಟ್ಟುಕೊಂಡು ಡಾಕ್ಟರಿಗೆ ಹೇಳಿ.

ಎರಡನೆಯದು ಹಲ್ಲು. ಕುದುರೆ ಹಲ್ಲು ಬಹಳ ವರ್ಷ ಒಸಡಿನಿಂದ ಮೇಲೆ ಬರುತ್ತಲೇ ಇರುತ್ತದೆ, ಮೇಯುತ್ತಾ ಸವೆಯುತ್ತದೆ. ಮೇಲಿನ ದವಡೆ ಕೆಳಗಿನದಕ್ಕಿಂತ ಅಗಲ, ಹಾಗಾಗಿ ಸವೆತ ಸಮ ಇರುವುದಿಲ್ಲ. ಮೇಲಿನ ಹಲ್ಲಿನ ಹೊರ ಅಂಚು ಚೂಪಾಗಿ ಕೆನ್ನೆಯನ್ನು ಕುಯ್ಯುತ್ತದೆ, ಕೆಳಗಿನದರ ಒಳ ಅಂಚು ನಾಲಿಗೆಯನ್ನು. ಬಾಯಲ್ಲಿ ಅಂಥ ಗಾಯ ಇಟ್ಟುಕೊಂಡು ಅದರ ಮೇಲೆ ಕಡಿವಾಣ ಹಾಕಿ ಎಳೆದರೆ ತಲೆ ಎತ್ತದೆ ಇನ್ನೇನು ಮಾಡುತ್ತದೆ ಹೇಳಿ. ಮೇವು ಅಗಿದು ಉಂಡೆ ಮಾಡಿ ಉಗುಳುತ್ತಿದ್ದರೆ, ಒಂದೇ ಕಡೆ ಅಗಿಯುತ್ತಿದ್ದರೆ ಖಂಡಿತ ಹಲ್ಲು ತೋರಿಸಿ. ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ಮೊದಲು ಕೇಳಿ. ಜಾಸ್ತಿ ತೊಂದರೆ ಕಂಡರೆ ಇಲ್ಲಿ ಹಾಸನದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಬಹುದು. ಧನುರ್ವಾಯು ಚುಚ್ಚುಮದ್ದು ಆಗಿದೆಯಾ ಅಂತಲೂ ಕೇಳಿಕೊಳ್ಳಿ, ಬೇಲಿ ಮುರಿದುಕೊಂಡು ಹೋಗಿದೆ ಅಂದಿರಿ, ಕುದುರೆಗೆ ಆ ರೋಗ ಬಹಳ ಸುಲಭವಾಗಿ ಬರುತ್ತದೆ.

ಇನ್ನೊಂದು, ಅದಕ್ಕೆ ಜೊತೆ ಯಾರಿದ್ದಾರೆ? ಕುದುರೆ ಗುಂಪಿನಲ್ಲಿ ಬದುಕುವ ಪ್ರಾಣಿ. ಒಂಟಿಯಾಗಿ ಲಾಯದಲ್ಲಿ ಕಟ್ಟಿದರೆ ಎಲ್ಲದಕ್ಕೂ ಬೆದರುತ್ತದೆ. ಇನ್ನೊಂದು ಕುದುರೆ ಇಲ್ಲದಿದ್ದರೆ ಹಸುವೋ ಮೇಕೆಯೋ ಕಣ್ಣಿಗೆ ಕಾಣುವ ಹಾಗೆ ಇರಲಿ. ಹುರುಳಿ, ಬೂಸಾ ಜಾಸ್ತಿ ಕೊಟ್ಟು ಕೆಲಸ ಇಲ್ಲದೆ ನಿಲ್ಲಿಸಿದ್ದರೆ ಅದನ್ನೂ ಕಡಿಮೆ ಮಾಡಿ, ಹುಲ್ಲು ಜಾಸ್ತಿ ಮಾಡಿ.

ಸಿಲ್ವರ್ ಓಕ್, ಆಲ್ದೂರು

ಡಾಕ್ಟ್ರೇ, ಓದಿದ ಕೂಡಲೇ ಹೋಗಿ ನೋಡಿದೆ. ಹೆಗಲ ಉಬ್ಬಿನ ಎಡಗಡೆ ಎರಡು, ಬಲಗಡೆ ಒಂದು ಬಿಳಿ ಮಚ್ಚೆ ಇದೆ. ನಾವು ಅದನ್ನು ಅವಳ ಬಣ್ಣ ಅಂತಲೇ ತಿಳಿದಿದ್ದೆವು, ಮಗಳು ಅದಕ್ಕೆ ನಕ್ಷತ್ರ ಅಂತ ಹೆಸರಿಟ್ಟಿದ್ದಳು. ಎಡಗಡೆ ಒತ್ತಿದಾಗ ಬೆನ್ನು ಪೂರ್ತಿ ಕೆಳಗೆ ಇಳಿಸಿದಳು. ನನಗೆ ಅಳು ಬಂತು. ನಾಳೆಯೇ ಡಾಕ್ಟರನ್ನು ಕರೆಸುತ್ತೇನೆ. ಜೀನು ಅಟ್ಟಕ್ಕೆ ಹಾಕಿದೆ.

ಲಾಯದ ಮನುಷ್ಯ, ಹಾಸನ

ತಂಗಿ, ನಾನು ಮೈಸೂರಿನಲ್ಲಿ ಅಶ್ವಾರೋಹಿ ಪೊಲೀಸ್ ದಳದಲ್ಲಿ ಇದ್ದವನು, ಈಗ ನಿವೃತ್ತಿ ಆಗಿ ಹಾಸನದಲ್ಲಿ ಇದ್ದೇನೆ. ಡಾಕ್ಟರಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಬೆನ್ನು ವಾಸಿಯಾಗುವವರೆಗೆ ಹತ್ತುವ ಮಾತೇ ಬೇಡ. ಅದು ಒಳ್ಳೆಯದೇ ಆಯಿತು ಅಂದುಕೋ, ಆ ಸಮಯವೆಲ್ಲ ಕೆಳಗೆ ನಿಂತು ಮಾಡುವ ಕೆಲಸಕ್ಕೆ ಸಿಗುತ್ತದೆ.

ಮೂಡಿಗೆರೆ ತಮ್ಮ ಒಂದು ಮಾತು ಸರಿಯಾಗಿ ಹಿಡಿದಿದ್ದಾನೆ, ಅದನ್ನು ತಳ್ಳಿಹಾಕಬೇಡ. ನಾವು ಯಾವ ಗಳಿಗೆಯಲ್ಲಿ ಬಿಡುತ್ತೇವೋ ಅದನ್ನೇ ಕುದುರೆ ಕಲಿಯುತ್ತದೆ. ಹಗ್ಗ ಎಳೆದದ್ದರಿಂದ ಅಲ್ಲ, ಬಿಟ್ಟದ್ದರಿಂದ ಕಲಿಯುತ್ತದೆ. ಇದೊಂದು ಕೈಗೆ ಬಂದರೆ ಚಾಟಿ ಬೇಕಾಗುವುದಿಲ್ಲ. ನಡುಗುವ ಕುದುರೆಗೆ ಹೊಡೆದರೆ ಅದು ಕಲಿಯುವುದು ಒಂದೇ, ಮನುಷ್ಯ ಬಂದರೆ ನೋವು ಬರುತ್ತದೆ ಅಂತ. ನೀನು ನಿಲ್ಲಿಸಿದ್ದು ತಪ್ಪಲ್ಲ.

ಮೊದಲ ವಾರ ಹಾಲ್ಟರ್ ಮುಟ್ಟಬೇಡ. ಬೇಲಿ ಒಳಗೆ ಬಿಟ್ಟು, ಒಂದು ಸ್ಟೂಲ್ ಹಾಕಿಕೊಂಡು ಸುಮ್ನೆ ಕೂತುಕೋ. ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ಫೋನ್ ನೋಡಬೇಡ, ಕುದುರೆ ಕಣ್ಣನ್ನೂ ದಿಟ್ಟಿಸಬೇಡ. ಅದರ ಕಿವಿ ನೋಡು. ಕಿವಿ ಎಲ್ಲಿದೆಯೋ ಮನಸ್ಸು ಅಲ್ಲಿದೆ. ಒಂದು ಕಿವಿ ನಿನ್ನ ಕಡೆ ತಿರುಗಿದರೆ ಎದ್ದು ಎರಡು ಹೆಜ್ಜೆ ದೂರ ಹೋಗು. ವಿಚಿತ್ರ ಅನ್ನಿಸಬಹುದು, ಗಮನ ಕೊಟ್ಟಾಗ ದೂರ ಹೋಗುವುದು ಯಾಕೆ ಅಂತ. ಇಲ್ಲಿಯವರೆಗೆ ಮನುಷ್ಯರು ಅದರ ಹತ್ತಿರ ಬರೀ ಬಂದಿದ್ದಾರೆ, ಯಾರೂ ಅದು ಹೇಳಿದ್ದು ಕೇಳಿ ಹಿಂದೆ ಸರಿದಿಲ್ಲ. ನೀನು ಸರಿದರೆ ಅದಕ್ಕೆ ಇದು ಹೊಸದು. ನಾಲ್ಕೈದು ದಿನದಲ್ಲಿ ತಾನಾಗಿ ಒಂದೊಂದು ಹೆಜ್ಜೆ ಬರುತ್ತದೆ, ನೋಡುತ್ತಿರು.

ಹತ್ತಿರ ಹೋಗುವಾಗ ಮುಖಕ್ಕೆ ನೇರ ಹೋಗಬೇಡ. ಕುದುರೆ ಕಣ್ಣು ತಲೆಯ ಪಕ್ಕಕ್ಕೆ ಇರುವುದರಿಂದ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಆದರೆ ಮೂಗಿನ ತುದಿಯ ಮುಂದೆ ಮತ್ತು ಬಾಲದ ಹಿಂದೆ ನೇರಕ್ಕೆ ಕಾಣುವುದಿಲ್ಲ. ಹಣೆ ಸವರಲು ಕೈ ಚಾಚಿದರೆ ಕೈ ಇದ್ದಕ್ಕಿದ್ದಂತೆ ಮಾಯವಾಗುತ್ತದೆ, ಅದಕ್ಕೇ ತಲೆ ಎತ್ತುವುದು. ಭುಜದ ಕಡೆಯಿಂದ ಹೋಗು, ಮೊದಲ ಸ್ಪರ್ಶ ಭುಜಕ್ಕೆ. ತಟ್ಟಬೇಡ. ಎಲ್ಲರೂ ಕುದುರೆಯನ್ನು ಪಟಪಟ ತಟ್ಟುತ್ತಾರೆ, ಅದು ಅವಕ್ಕೆ ಹಿತ ಅಲ್ಲ. ಕೆರೆ. ಕುದುರೆಗಳು ಒಂದಕ್ಕೊಂದು ಕತ್ತಿನ ಬುಡದಲ್ಲಿ, ಹೆಗಲ ಹತ್ತಿರ ಹಲ್ಲಿನಿಂದ ಕೆರೆದುಕೊಳ್ಳುತ್ತವೆ, ನೀನೂ ಅಲ್ಲೇ ಕೆರೆ, ನೋವಿನ ಜಾಗ ಬಿಟ್ಟು. ಕೆಳತುಟಿ ಸಡಿಲವಾಗಿ ನಡುಗಲು ಶುರುವಾದರೆ ಸರಿಯಾದ ಜಾಗ ಸಿಕ್ಕಿತು ಅಂತ ಲೆಕ್ಕ.

ಆಮೇಲೆ ಹಗ್ಗ. ಮೆತ್ತಗಿನ ಹತ್ತಿಯ ಹಗ್ಗ, ಎಂಟು ಮೊಳ ಇರಲಿ. ಕತ್ತಿನ ಮೇಲೆ ಇಡು, ತೆಗೆ. ಇಡು, ತೆಗೆ. ಅದು ನಿಂತಿರುವಾಗ ತೆಗೆಯಬೇಕು, ಸರಿದಾಡುವಾಗ ತೆಗೆಯಬಾರದು. ಹಾಲ್ಟರ್ ಕೂಡ ಹಾಗೆಯೇ, ಮೂತಿ ತೂರಿಸಿ ತಕ್ಷಣ ತೆಗೆದುಬಿಡು, ಬಕಲ್ ಹಾಕಬೇಡ. ದಿನಕ್ಕೆ ಇಪ್ಪತ್ತು ಸಲ ಹಾಕಿ ತೆಗೆದರೆ, ಹಾಲ್ಟರ್ ಬಂತು ಅಂದರೆ ಹಿಡಿದುಹಾಕುತ್ತಾರೆ ಅನ್ನುವ ಲೆಕ್ಕ ಅದರ ತಲೆಯಿಂದ ಹೋಗುತ್ತದೆ.

ನಡೆಸುವುದು ಕಲಿಸುವಾಗ ಎಳೆಯಬೇಡ. ಎಳೆದಾಟದಲ್ಲಿ ಕುದುರೆಯೇ ಗೆಲ್ಲುವುದು, ಅದಕ್ಕೆ ಆ ವಿಷಯ ಗೊತ್ತಾಗಲೇ ಬಾರದು. ಹಗ್ಗ ಎರಡು ಬೆರಳಲ್ಲಿ ಹಿಡಿದು ಸಡಿಲ ಹೋಗುವಷ್ಟು ಮಾತ್ರ ಬಿಗಿ ಮಾಡಿ ಹಾಗೇ ಕಾಯಿ. ಹೆಚ್ಚಿಸಬೇಡ, ಬಿಡಲೂ ಬೇಡ. ಅದು ಮೊದಲು ತಲೆ ಮೇಲೆತ್ತುತ್ತದೆ, ಕಾಯಿ. ಪಕ್ಕಕ್ಕೆ ತಿರುಗುತ್ತದೆ, ಕಾಯಿ. ಯಾವಾಗಲೋ ಒಂದು ಕ್ಷಣ ಭಾರ ಮುಂದಕ್ಕೆ ಹಾಕುತ್ತದೆ, ಹೆಜ್ಜೆ ಇಡುವುದೂ ಬೇಡ, ಎದೆ ಸ್ವಲ್ಪ ಮುಂದಕ್ಕೆ ವಾಲಿದರೂ ಸಾಕು. ಆ ಕ್ಷಣಕ್ಕೆ ಹಗ್ಗ ಪೂರ್ತಿ ಸಡಿಲ. ಮೂರು ಸೆಕೆಂಡ್ ತಡವಾಗಿ ಬಿಟ್ಟರೆ ಅದು ಬೇರೆ ಏನನ್ನೋ ಕಲಿತಿರುತ್ತದೆ. ನನಗೆ ಈ ಒಂದು ಗಳಿಗೆ ಹಿಡಿಯಲು ವರ್ಷಗಳೇ ಬೇಕಾದವು, ಲಾಯದಲ್ಲಿ ಹಳಬರೊಬ್ಬರು ಹಗ್ಗದ ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ತಾವು ಹಿಡಿದು, ಕಣ್ಣು ಮುಚ್ಚಿಸಿ ಕಲಿಸಿದರು. ನೀನೂ ಮಗಳ ಜೊತೆ ಹಾಗೆ ಅಭ್ಯಾಸ ಮಾಡು. ಅವಳು ಕುದುರೆ, ನೀನು ಹಗ್ಗ. ಆಮೇಲೆ ಅದಲು ಬದಲು.

ಮುಂದೆ ಬರುವುದು ಕಲಿತ ಮೇಲೆ ಹಿಂದೆ ಸರಿಯುವುದು, ಆಮೇಲೆ ಹಿಂಭಾಗ ಪಕ್ಕಕ್ಕೆ ಸರಿಸುವುದು. ಇದು ಮುಖ್ಯ. ಕುದುರೆಯ ಬಲ ಎಲ್ಲ ಹಿಂಗಾಲಿನಲ್ಲಿದೆ. ಒಂದು ಹಿಂಗಾಲು ಇನ್ನೊಂದರ ಮುಂದೆ ದಾಟಿಸಿ ತಿರುಗಿದರೆ ನೇರ ಓಡಲು ಆಗುವುದಿಲ್ಲ. ಎಳೆದುಕೊಂಡು ಹೋಗುತ್ತಾಳೆ ಅಂದೆಯಲ್ಲ, ಅದಕ್ಕೆ ಮದ್ದು ಇದು. ಮೂಗು ಸ್ವಲ್ಪ ನಿನ್ನ ಕಡೆ ತಂದು, ಹೊಟ್ಟೆ ಪಕ್ಕೆಯ ಹಿಂದೆ ಹೆಬ್ಬೆರಳಿನಿಂದ ಒತ್ತು, ಒಂದು ಹೆಜ್ಜೆ ಸರಿದರೆ ಬಿಡು. ನೀನು ಭುಜದ ಪಕ್ಕದಲ್ಲೇ ನಿಂತಿರಬೇಕು.

ಟಾರ್ಪಾಲಿನ ವಿಷಯ. ದಸರಾಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಕೊಡುತ್ತಾರೆ, ಗೊತ್ತಲ್ಲ. ಜಂಬೂಸವಾರಿ ದಿನ 21 ಸಲ ತೋಪು ಹಾರಿದಾಗ ಬೆದರಬಾರದು ಅಂತ. ಆ ಶಬ್ದಕ್ಕೆ ಅಭ್ಯಾಸ ಆಗುವ ಪ್ರಾಣಿಗೆ ಟಾರ್ಪಾಲು ದೊಡ್ಡದಲ್ಲ, ಆದರೆ ಕ್ರಮ ಬೇಕು. ಟಾರ್ಪಾಲನ್ನು ಕರವಸ್ತ್ರದಷ್ಟು ಮಡಚು. ಅದು ನೋಡಿಯೂ ಮೇಯುತ್ತಲೇ ಇರುವಷ್ಟು ದೂರದಲ್ಲಿ ನಿಂತು ಅಲ್ಲಾಡಿಸು. ತಲೆ ಎತ್ತಿ ಬಿಗಿಯಾಗಿ ನಿಂತರೆ ಇನ್ನೂ ಹತ್ತಿರ ಹೋಗಬೇಡ, ಅಷ್ಟೇ ದೂರದಲ್ಲಿ ಮೆಲ್ಲಗೆ ಅಲ್ಲಾಡಿಸುತ್ತಾ ಇರು, ಉಸಿರು ಬಿಟ್ಟು ತಲೆ ಇಳಿಸಿದ ಕೂಡಲೇ ನಿಲ್ಲಿಸಿ ಬೆನ್ನು ತಿರುಗಿಸು. ದಿನಕ್ಕೆ ಒಂದು ಗಜ ಹತ್ತಿರ ಹೋದರೆ ಸಾಕು. ಆತುರ ಬೇಡ.

ಹಗ್ಗವನ್ನು ಯಾವತ್ತೂ ಕೈಗೆ ಸುತ್ತಿಕೊಳ್ಳಬೇಡ. ಬೆದರಿ ಓಡಿದರೆ ಬೆರಳೇ ಹೋಗುತ್ತದೆ, ನಾನು ಕಣ್ಣಾರೆ ನೋಡಿದ್ದೇನೆ. ಮಡಚಿ ಹಿಡಿ. ಚಪ್ಪಲಿಯಲ್ಲಿ ಹೋಗಬೇಡ. ಮಗಳು ಸದ್ಯಕ್ಕೆ ಬೇಲಿ ಹೊರಗೇ ಇರಲಿ, ಒಳಗೆ ಬರುವ ದಿನ ಹೆಲ್ಮೆಟ್ ಹಾಕಿಕೊಂಡೇ ಬರಲಿ.

ಕಡೂರು ಜೋಡೆತ್ತು

ನಾನು ಕುದುರೆ ಸಾಕಿದವನಲ್ಲ. ನಮ್ಮದು ಎತ್ತಿನ ಮನೆ, ಅಮೃತಮಹಲ್ ಸೀಮೆ. ಆದರೂ ಲಾಯದ ಅಣ್ಣ ಬರೆದದ್ದು ಓದಿ ನಮ್ಮ ಅಪ್ಪ ನೆನಪಾದರು. ಅಮೃತಮಹಲ್ ಹೋರಿ ಅಂದರೆ ಎಷ್ಟು ಚುರುಕು, ಎಷ್ಟು ಬಿಸಿ ರಕ್ತ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ. ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಎಳೆಯುತ್ತಿದ್ದ ತಳಿ. ಕಾವಲಲ್ಲಿ, ಅಂದರೆ ಹುಲ್ಲುಗಾವಲಲ್ಲಿ ಬೆಳೆದ ಹೋರಿ ಮನುಷ್ಯರನ್ನು ಕಂಡರೆ ಕೊಂಬು ಮುಂದೆ ಮಾಡುತ್ತದೆ.

ಅಪ್ಪ ಅಂಥದ್ದನ್ನು ತಂದರೆ ಮೊದಲ ಹದಿನೈದು ದಿನ ಕೆಲಸ ಹೇಳುತ್ತಿರಲಿಲ್ಲ. ಅಂಗೈಯಲ್ಲಿ ಕಲ್ಲುಪ್ಪು ಇಟ್ಟುಕೊಂಡು ನಿಲ್ಲುತ್ತಿದ್ದರು. ಆಮೇಲೆ ಹಳೇ ಎತ್ತಿನ ಜೊತೆ ನೊಗಕ್ಕೆ ಹೂಡುತ್ತಿದ್ದರು, ಹಿಂದೆ ಏನೂ ಇಲ್ಲ, ಸುಮ್ನೆ ನಡೆಯುವುದು. ಹಳೇ ಎತ್ತು ಟ್ರ್ಯಾಕ್ಟರ್ ಬಂದರೂ ಅಲ್ಲಾಡದೆ ನಡೆಯುತ್ತಿತ್ತು, ಅದನ್ನು ನೋಡಿ ಇದೂ ನಡೆಯುತ್ತಿತ್ತು. ಆಮೇಲೆ ಒಂದು ಹಗುರದ ದಿಮ್ಮಿ. ಆಮೇಲೆ ಖಾಲಿ ಗಾಡಿ. ಹೋರಿ ಇನ್ನೂ ಉಮೇದಿನಲ್ಲಿ ಇರುವಾಗಲೇ ಬಿಚ್ಚಿಬಿಡುತ್ತಿದ್ದರು, ಸುಸ್ತಾಗಿಸುತ್ತಿರಲಿಲ್ಲ. ನಾಳೆ ನೊಗ ಕಂಡರೆ ಅದಕ್ಕೆ ಬೇಸರ ಬರಬಾರದು ಅಂತ.

ಅಕ್ಕಾ, ನಿಮ್ಮ ಮನೆಯಲ್ಲಿ ಶಾಂತ ಸ್ವಭಾವದ ಹಸು ಇದ್ದರೆ ಟಾರ್ಪಾಲು ಅಭ್ಯಾಸ ಮಾಡಿಸುವಾಗ ಪಕ್ಕದಲ್ಲೇ ಕಟ್ಟಿ ನೋಡಿ. ಅಂಗೈಯಲ್ಲಿ ಬೆಲ್ಲ ಇಟ್ಟುಕೊಂಡರೆ ಬೇಗ ಹತ್ತಿರ ಬರಬಹುದು.

ಲಾಯದ ಮನುಷ್ಯ, ಹಾಸನ

ಹಸುವಿನ ಉಪಾಯ ಬಹಳ ಚೆನ್ನಾಗಿದೆ. ಬೆಲ್ಲದ ವಿಷಯದಲ್ಲಿ ಮಾತ್ರ ನನ್ನದು ಬೇರೆ ಅಭಿಪ್ರಾಯ. ಕೈಯಿಂದ ತಿನ್ನಿಸಿದ ಕುದುರೆ ಬೇಗ ಹತ್ತಿರ ಬರುತ್ತದೆ ನಿಜ, ಆದರೆ ಕೈ ಹುಡುಕಲು ಕಲಿಯುತ್ತದೆ, ಕೈ ಖಾಲಿ ಇದ್ದರೆ ಬೆರಳು ಕಚ್ಚುತ್ತದೆ. ಚಿಕ್ಕ ಹುಡುಗಿ ಇರುವ ಮನೆ. ಕೊಡುವುದಾದರೆ ಬಾಂಡ್ಲಿಯಲ್ಲಿ ಹಾಕಿ ಕೊಡಿ. ತಿಂಡಿ ಇಟ್ಟುಕೊಂಡು ಚೆನ್ನಾಗಿ ಕಲಿಸುವವರೂ ಇದ್ದಾರೆ, ಮುಖ ಆಚೆ ತಿರುಗಿಸಿ ನಿಂತಾಗ ಮಾತ್ರ ಕೊಡುವುದು ಅಂತ ಅವರದ್ದು ಕಟ್ಟುನಿಟ್ಟಿನ ಕ್ರಮ. ಹೊಸಬರಿಗೆ ಅದು ಕಷ್ಟ.

ಬೇಲೂರು ಮೇಷ್ಟ್ರು

ಲಾಯದವರು ಕಿವಿ ನೋಡಿ ಅಂದರು. ಕುದುರೆ ನಮ್ಮನ್ನು ಎಷ್ಟು ನೋಡುತ್ತದೆ ಅನ್ನುವುದಕ್ಕೆ ನಾನು ಮಕ್ಕಳಿಗೆ ಹೇಳುವ ನಿಜವಾದ ಕಥೆ ಒಂದಿದೆ. ಜರ್ಮನಿಯಲ್ಲಿ ನೂರು ವರ್ಷದ ಹಿಂದೆ ಹ್ಯಾನ್ಸ್ ಅಂತ ಒಂದು ಕುದುರೆ ಇತ್ತು. ಲೆಕ್ಕ ಕೇಳಿದರೆ ಗೊರಸಿನಿಂದ ನೆಲ ಕುಟ್ಟಿ ಉತ್ತರ ಹೇಳುತ್ತಿತ್ತು. ದೊಡ್ಡ ದೊಡ್ಡವರೇ ನಂಬಿದರು. 1907ರಲ್ಲಿ ಆಸ್ಕರ್ ಫಂಗ್ಸ್ಟ್ ಅನ್ನುವವರು ಸರಿಯಾಗಿ ಪರೀಕ್ಷೆ ಮಾಡಿದರು. ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಅಥವಾ ಕೇಳಿದವರು ಕುದುರೆಗೆ ಕಾಣದಿದ್ದರೆ ಹ್ಯಾನ್ಸ್‌ಗೆ ಉತ್ತರ ಬರುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಮೈ ತಮಗೇ ಗೊತ್ತಿಲ್ಲದೆ ಕೂದಲೆಳೆಯಷ್ಟು ಅಲ್ಲಾಡುತ್ತಿತ್ತು, ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಲೆಕ್ಕ ಬರದಿದ್ದರೆ ಏನಂತೆ, ಮನುಷ್ಯನ ಮೈಯನ್ನು ಅಷ್ಟು ಸೂಕ್ಷ್ಮವಾಗಿ ಓದುವುದು ಸಣ್ಣ ವಿಷಯವಾ? ನೀವು ಹೆದರಿಕೊಂಡು ಉಸಿರು ಹಿಡಿದು ಹಾಲ್ಟರ್ ತಂದರೆ ಅದು ಚಂದ್ರಿಗೆ ಹತ್ತು ಅಡಿ ದೂರದಲ್ಲೇ ಗೊತ್ತಾಗಿರುತ್ತದೆ. ಹಾಡು ಗುನುಗಿಕೊಂಡು ಹೋಗಿ, ಹಾಡುವಾಗ ಉಸಿರು ಹಿಡಿಯಲು ಆಗುವುದಿಲ್ಲ.

ಹಳೇಬೀಡಿನ ದೇವಸ್ಥಾನದ ಗೋಡೆಯಲ್ಲಿ ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹದ ಸಾಲು, ಇನ್ನೂ ಮೇಲೆ ಕುದುರೆ ಸವಾರರ ಸಾಲು ಇದೆಯಲ್ಲ. ಮುಂದಿನ ಸಲ ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿ ತೋರಿಸಿ, ಕುದುರೆ ಹುಚ್ಚಿನ ಮಗುವಿಗೆ ಆ ಸಾಲೇ ಸಾಕು ಅರ್ಧ ದಿನಕ್ಕೆ.

ಮೂಡಿಗೆರೆ ಬುಲೆಟ್

ನಾನು ಮೊದಲು ಬರೆದದ್ದು ಸ್ವಲ್ಪ ಒರಟಾಯಿತು, ಬೆನ್ನು ನೋವಿನ ವಿಷಯ ಗೊತ್ತಿರಲಿಲ್ಲ. ಕ್ಷಮಿಸಿ ಅಕ್ಕಾ. ಒಂದು ಪ್ರಶ್ನೆ ಇದೆ. ವೀಡಿಯೋದಲ್ಲಿ ನೋಡಿದ್ದೇನೆ, ಅಮೆರಿಕದ ಮಾಂಟಿ ರಾಬರ್ಟ್ಸ್ ಅನ್ನುವವರು ದುಂಡನೆಯ ಬೇಲಿ ಒಳಗೆ ಕುದುರೆಯನ್ನು ಸುತ್ತು ಓಡಿಸುತ್ತಾರೆ, ಅರ್ಧ ಗಂಟೆಯಲ್ಲಿ ಅದು ತಾನಾಗಿ ಹಿಂದೆ ಹಿಂದೆ ಬರುತ್ತದೆ. 1989ರಲ್ಲಿ ಇಂಗ್ಲೆಂಡಿನ ರಾಣಿ ಎಲಿಜಬೆತ್ ಎದುರಿಗೂ ಮಾಡಿ ತೋರಿಸಿದ್ದರಂತೆ. ಹೊಡೆಯುವುದೂ ಇಲ್ಲ. ಅದು ಬೇಗ ಆಗುತ್ತದಲ್ವಾ? ಇಷ್ಟು ವಾರ ಯಾಕೆ ಕೂರಬೇಕು?

ಲಾಯದ ಮನುಷ್ಯ, ಹಾಸನ

ಒಳ್ಳೆಯ ಪ್ರಶ್ನೆ ತಮ್ಮಾ. ಅವರು ಕುದುರೆಗೆ ಹೊಡೆಯಬಾರದು ಅಂತ ಲೋಕಕ್ಕೆಲ್ಲ ಹೇಳಿದವರು, ಅದಕ್ಕೆ ಗೌರವ ಇದೆ. ಆದರೆ ಆ ದುಂಡು ಬೇಲಿಯಲ್ಲಿ ಏನಾಗುತ್ತದೆ ಅಂತ ಯೋಚನೆ ಮಾಡು. ಓಡುತ್ತಿದ್ದರೆ ಅಟ್ಟುತ್ತಾರೆ, ಇವರ ಕಡೆ ತಿರುಗಿದರೆ ಅಟ್ಟುವುದು ನಿಲ್ಲುತ್ತದೆ. ಇಲ್ಲೂ ಅದೇ ಲೆಕ್ಕ, ಬಿಟ್ಟ ಗಳಿಗೆಯಲ್ಲಿ ಕಲಿಯುವುದು. ಅನುಭವ ಇದ್ದವರು ಸರಿಯಾದ ಗಳಿಗೆ ಹಿಡಿಯುತ್ತಾರೆ, ಹೊಸಬರು ತಪ್ಪಿಸಿಕೊಂಡರೆ ಕುದುರೆ ಸುಮ್ನೆ ಹೆದರಿ ಓಡುತ್ತಲೇ ಇರುತ್ತದೆ. ಮನುಷ್ಯನಿಂದ ಓಡುವುದು ಈಗಾಗಲೇ ಚೆನ್ನಾಗಿ ಕಲಿತಿರುವ, ಬೆನ್ನು ನೋಯುವ ಕುದುರೆಗೆ ಇನ್ನೂ ಓಡಿಸುವುದು ಬೇಡ. ನಮ್ಮ ಮಲೆನಾಡಿನ ಇಳಿಜಾರಿನಲ್ಲಿ ಸಮತಟ್ಟಾದ ಮರಳು ನೆಲ ಎಲ್ಲಿದೆ, ಕೆಮ್ಮಣ್ಣಿನಲ್ಲಿ ಜಾರಿ ಬಿದ್ದರೆ ಕಾಲು ಹೋಗುತ್ತದೆ. ಸುತ್ತು ಹೊಡೆಸುವುದು ಆಮೇಲೆ ಬೇಕಾಗುತ್ತದೆ, ಆಗ ಉದ್ದ ಹಗ್ಗದಲ್ಲಿ, ನಡಿಗೆಯಲ್ಲಿ, ಎರಡೂ ದಿಕ್ಕಿಗೆ ಐದೈದು ನಿಮಿಷ ಮಾಡಿದರೆ ಆಯಿತು.

ಪಶುವೈದ್ಯೆ, ಹಾಸನ

ಹೆಗಲ ಹತ್ತಿರ ಕೆರೆಯುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದು ಬರೀ ಅನುಭವದ ಮಾತಲ್ಲ. ಆ ಜಾಗದಲ್ಲಿ ಕೆರೆದಾಗ ಕುದುರೆಯ ಎದೆಬಡಿತ ಇಳಿಯುತ್ತದೆ, ಬೇರೆ ಜಾಗದಲ್ಲಿ ಕೆರೆದರೆ ಹಾಗೆ ಇಳಿಯುವುದಿಲ್ಲ ಅಂತ 1993ರಲ್ಲಿ ಅಳೆದು ತೋರಿಸಿದ್ದಾರೆ. ನೀವೂ ಎಣಿಸುವುದು ಕಲಿಯಿರಿ. ದವಡೆ ಮೂಳೆಯ ಕೆಳಗೆ, ಒಳಗಡೆ ಬೆರಳಿಗೆ ಸಿಗುವ ರಕ್ತನಾಳ ಇದೆ. ಆರಾಮಾಗಿ ನಿಂತ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರುತ್ತದೆ. ನಿಂತಲ್ಲೇ 60 ದಾಟಿದರೆ ಅಷ್ಟು ಹೆದರಿದೆ ಅಥವಾ ನೋವಿದೆ ಅಂತ. ಆ ಹೊತ್ತಿನಲ್ಲಿ ಪಾಠ ಬೇಡ. ಜೊತೆಗೆ ಮೇವು ಬಿಟ್ಟು, ಹೊಟ್ಟೆ ಕಡೆ ನೋಡುತ್ತಾ ನೆಲದಲ್ಲಿ ಹೊರಳಿದರೆ ತಡ ಮಾಡದೆ ಡಾಕ್ಟರಿಗೆ ಫೋನ್ ಮಾಡಿ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹೊಟ್ಟೆ ನೋವು ಬಂದರೆ ಜೀವಕ್ಕೇ ಅಪಾಯ.

ಸಿಲ್ವರ್ ಓಕ್, ಆಲ್ದೂರು

ಏಳು ವಾರ ಆಯಿತು. ಮೊನ್ನೆ ಹೂಮಳೆ ಬಂತು, ತೋಟ ಎಲ್ಲ ಬೆಳ್ಳಗೆ ಅರಳಿ ನಿಂತಿದೆ, ಸ್ವಲ್ಪ ಬಿಡುವಾಗಿದ್ದೇನೆ. ಎಲ್ಲರಿಗೂ ಹೇಳಬೇಕು ಅಂತ ಕೂತೆ.

ಡಾಕ್ಟರು ಬಂದು ನೋಡಿದರು. ಬೆನ್ನಿನ ಸ್ನಾಯು ಎರಡೂ ಕಡೆ ನೋಯುತ್ತಿತ್ತು, ಮೂರು ತಿಂಗಳು ಜೀನು ಬೇಡ ಅಂದರು. ದವಡೆ ಹಲ್ಲು ಚೂಪಾಗಿ ಎಡಗೆನ್ನೆ ಒಳಗೆ ಗಾಯ ಆಗಿತ್ತು, ಮಂಪರು ಬರುವ ಇಂಜೆಕ್ಷನ್ ಕೊಟ್ಟು ಹಲ್ಲು ಉಜ್ಜಿ ಸಮ ಮಾಡಿದರು. ಧನುರ್ವಾಯು ಚುಚ್ಚುಮದ್ದೂ ಆಯಿತು. ವಯಸ್ಸು 7 ಅಲ್ಲ, ಹನ್ನೊಂದು ಹನ್ನೆರಡು ಇರಬಹುದು ಅಂದರು.

ಮೊದಲ ನಾಲ್ಕು ದಿನ ಸ್ಟೂಲ್ ಮೇಲೆ ಕೂತು ಬಂದದ್ದೇ ಬಂತು. ಅತ್ತೆ ಅಡುಗೆಮನೆ ಕಿಟಕಿಯಿಂದ ನೋಡಿ ಏನು ಮಾಡುತ್ತಿದ್ದೀಯ ಅಂತ ಕೇಳಿದರು, ಏನೂ ಇಲ್ಲ ಅಂದೆ, ನಿಜವಾಗಿ ಏನೂ ಮಾಡುತ್ತಿರಲಿಲ್ಲ. ಐದನೇ ದಿನ ಸಂಜೆ ಹಿಂದಿನಿಂದ ಬಂದಳು. ನನಗೆ ಗೊತ್ತಾಗಲಿಲ್ಲ. ಕತ್ತಿನ ಹತ್ತಿರ ಬಿಸಿ ಉಸಿರು ಬಂತು, ಸ್ವೆಟರಿನ ಕಾಲರ್ ಮೂಸಿದಳು, ಮೂತಿಯ ಮೇಲಿನ ಉದ್ದ ಕೂದಲು ಕಿವಿಗೆ ತಾಗಿ ಕಚಗುಳಿ ಆಯಿತು. ಅಲ್ಲಾಡದೆ ಕೂತಿದ್ದೆ. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟಳು, ಹುಲ್ಲಿನ ವಾಸನೆ. ಅಣ್ಣ ಹೇಳಿದ್ದು ನೆನಪಾಗಿ ನಾನೇ ಎದ್ದು ಎರಡು ಹೆಜ್ಜೆ ಆಚೆ ಹೋದೆ. ಎರಡು ಹೆಜ್ಜೆ ಅವಳೂ ಬಂದಳು.

ಹಾಲ್ಟರ್‌ಗೆ ಹದಿನೆಂಟು ದಿನ ಹಿಡಿಯಿತು. ಈಗ ತಾನೇ ಮೂತಿ ತೂರಿಸುತ್ತಾಳೆ. ಹಗ್ಗದ ಆಟ ಮಗಳ ಜೊತೆ ಆಡಿದೆ, ನಾನು ಯಾವಾಗಲೂ ತಡವಾಗಿ ಬಿಡುತ್ತೇನೆ ಅಂತ ಅವಳೇ ತಿದ್ದಿದಳು. ಮೇಷ್ಟ್ರೇ, ಹಾಡಿನ ಮಾತು ಬಹಳ ಉಪಯೋಗಕ್ಕೆ ಬಂತು. ಕಡೂರು ಅಣ್ಣ, ನಮ್ಮ ಕೆಂಪು ಹಸುವನ್ನು ಬೇಲಿ ಒಳಗೇ ಬಿಟ್ಟಿದ್ದೇವೆ, ರಾತ್ರಿ ಈಗ ಕೆನೆಯುವುದು ನಿಂತಿದೆ.

ಒಂದು ವಾರ ಕೆಟ್ಟದಾಗಿ ಹೋಯಿತು. ಕೊಯ್ಲಿನ ಕೊನೆಯಲ್ಲಿ ನನಗೆ ಸಮಯ ಇರಲಿಲ್ಲ, ಆತುರದಲ್ಲಿ ಟಾರ್ಪಾಲು ತೆಗೆದುಕೊಂಡು ಒಂದೇ ದಿನ ಹತ್ತಿರ ಹೋಗಿಬಿಟ್ಟೆ. ಹಿಂದಕ್ಕೆ ನೆಗೆದು ಹಗ್ಗ ಕಿತ್ತುಕೊಂಡು ಓಡಿದಳು. ನನ್ನ ಅಂಗೈ ಸುಟ್ಟ ಹಾಗೆ ಕಿತ್ತುಬಂತು, ಹಗ್ಗ ಸುತ್ತಿಕೊಂಡಿರಲಿಲ್ಲ, ಅದೇ ಪುಣ್ಯ. ಮತ್ತೆ ಮೂರು ದಿನ ಸ್ಟೂಲ್. ಈಗ ಎಡಗಡೆಯಿಂದ ಟಾರ್ಪಾಲು ಹೆಗಲ ಮೇಲೆ ಹಾಕಿದರೂ ನಿಂತು ಹುಲ್ಲು ತಿನ್ನುತ್ತಾಳೆ. ನಿನ್ನೆ ಅದೇ ಟಾರ್ಪಾಲು ಬಲಗಡೆಯಿಂದ ತಂದೆ, ಮೊದಲ ಸಲ ನೋಡಿದ ಹಾಗೆ ಹಾರಿದಳು! ಅದೇ ಟಾರ್ಪಾಲು, ಅದೇ ಜಾಗ. ಇದು ಯಾಕೆ ಅಣ್ಣಾ?

ಮನೆಯಲ್ಲಿ ಮಾರುವ ಮಾತು ನಿಂತಿದೆ.

ಲಾಯದ ಮನುಷ್ಯ, ಹಾಸನ

ತಂಗಿ, ಓದಿ ಬಹಳ ಸಂತೋಷವಾಯಿತು. ಅಂಗೈಗೆ ಮುಲಾಮು ಹಚ್ಚು, ಇನ್ನು ಮುಂದೆ ಕೈಗವಸು ಹಾಕಿಕೋ.

ಅನೇಕ ಕುದುರೆಗಳು ಹಾಗೇ. ಒಂದು ಕಡೆಯಿಂದ ಅಭ್ಯಾಸವಾದದ್ದು ಇನ್ನೊಂದು ಕಡೆಯಿಂದ ಬಂದರೆ ಹೊಸದು ಅನ್ನುವ ಹಾಗೆ ನಡೆದುಕೊಳ್ಳುತ್ತವೆ. ನಾವೂ ಎಲ್ಲ ಕೆಲಸ ಎಡಗಡೆಯಿಂದಲೇ ಮಾಡುತ್ತೇವೆ, ಹತ್ತುವುದು, ಇಳಿಯುವುದು, ಹಾಲ್ಟರ್ ಹಾಕುವುದು. ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದ ಕಾಲದ ರೂಢಿ ಅಂತ ನಮಗೆ ಹೇಳಿಕೊಟ್ಟಿದ್ದರು. ಬಲಗಡೆಗೆ ಮನುಷ್ಯ ಬರುವುದೇ ಅದಕ್ಕೆ ಅಪರೂಪ.

ನಾಳೆಯಿಂದ ಬಲಗಡೆ ಶುರು ಮಾಡು. ಮೊದಲಿನಿಂದ, ಕರವಸ್ತ್ರದಷ್ಟು ಮಡಚಿ, ದೂರದಿಂದ. ಹಾಲ್ಟರನ್ನೂ ದಿನಕ್ಕೆ ನಾಲ್ಕು ಸಲ ಬಲಗಡೆ ನಿಂತೇ ಹಾಕು. ಈ ಸಲ ಹದಿನೆಂಟು ದಿನ ಬೇಕಾಗುವುದಿಲ್ಲ. ಮಗಳು ಹೆಲ್ಮೆಟ್ ಹಾಕಿಕೊಂಡು ಒಳಗೆ ಬರಬಹುದು ಈಗ, ಎಡಗಡೆ ನಿಂತು ಕೆರೆಯಲಿ.